ಜಿಟಿ40 ರೆಪ್ಲಿಕಾ: ಫೈಬರ್ ಬಾಡಿ ಕತ್ತರಿಸಿ ಹೊಸ ಆಕಾರ ಕೊಡುವುದು ಹೇಗೆ

ಫೋರ್ಡ್ ಕಂಪನಿಯ 1960ರ ದಶಕದ ರೇಸ್ ಕಾರು ಜಿಟಿ40. ಅದರ ರೆಪ್ಲಿಕಾ, ಅಂದರೆ ನಕಲು, ನನ್ನ ಬಳಿ ಇದೆ. ಅದರ ಹಿಂದಿನ ಎಡ ಚಕ್ರದ ಕಮಾನು ಬಲಗಡೆಯದಕ್ಕಿಂತ 14 ಮಿಲಿಮೀಟರ್ ಮೇಲಿತ್ತು. ಕಾರನ್ನು ಹಿಂದಿನಿಂದ ನೋಡಿದಾಗಲೆಲ್ಲ ಏನೋ ಸರಿಯಿಲ್ಲ ಅನ್ನಿಸುತ್ತಿತ್ತು, ಏನು ಅಂತ ಹೇಳಲು ಬರುತ್ತಿರಲಿಲ್ಲ. ಟೇಪ್ ಹಿಡಿದು ಅಳೆದ ಮೇಲೆ ಗೊತ್ತಾಯಿತು. ಅದು ಸಾಲದು ಅಂತ ಕಮಾನುಗಳೂ ಕಿರಿದು. ನನಗೆ ಬೇಕಿದ್ದದ್ದು 1968ರಲ್ಲಿ ಫ್ರಾನ್ಸ್‌ನ ಲೆ ಮ್ಯಾನ್ಸ್ 24 ಗಂಟೆ ಓಟ ಗೆದ್ದ, ಗಲ್ಫ್ ಎಣ್ಣೆ ಕಂಪನಿಯ ಬಣ್ಣದ ಜಿಟಿ40ಯ ಅಗಲವಾದ ಭುಜ.

ಮೊದಲ ಸಲ ನಾನು ಮಾಡಿದ್ದು ತಪ್ಪು ಕೆಲಸ. ಇದ್ದ ಬಾಡಿಯ ಮೇಲೆ ಪುಟ್ಟಿ ಬಳಿದು ಉಬ್ಬಿಸಿದೆ. ಕೆಲವು ಕಡೆ 12 ಮಿಲಿಮೀಟರ್ ದಪ್ಪ. ಬಣ್ಣ ಹೊಡೆದಾಗ ಚೆನ್ನಾಗಿಯೇ ಕಂಡಿತು. ವರ್ಷ ತುಂಬುವ ಮೊದಲೇ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು ಬಂತು. ಆಮೇಲೆ ಅಂಗೈ ಅಗಲದ ಒಂದು ಹಕ್ಕಳೆ ಬಣ್ಣದ ಸಮೇತ ಎದ್ದು ಬಂತು. ಫೈಬರ್ ಬಾಡಿ ಓಡುವಾಗ ಬಳುಕುತ್ತದೆ. ದಪ್ಪ ಪುಟ್ಟಿ ಬಳುಕುವುದಿಲ್ಲ. ತೂಕದ ಲೆಕ್ಕವನ್ನೂ ನೋಡಿ: ಅರ್ಧ ಚದರ ಮೀಟರ್ ಜಾಗಕ್ಕೆ 10 ಮಿಲಿಮೀಟರ್ ಪುಟ್ಟಿ ಅಂದರೆ 5 ಲೀಟರ್. ಅಂದರೆ 5 ಕಿಲೋಗಿಂತ ಜಾಸ್ತಿ, ಅದೂ ಹಿಂದಿನ ಆಕ್ಸಲ್‌ನ ಮೇಲ್ಭಾಗದಲ್ಲಿ.

ಎರಡನೇ ಸಲ ಬಾಡಿಯನ್ನು ಕತ್ತರಿಸಿ, ಅದರ ಚರ್ಮವನ್ನೇ ಬೇಕಾದ ಜಾಗಕ್ಕೆ ಸರಿಸಿ, ನಡುವಿನ ಕಂದಕವನ್ನು ಹೊಸ ಫೈಬರ್‌ನಿಂದ ಬೆಸೆದೆ. ಆ ವಿಧಾನವನ್ನೇ ಇಲ್ಲಿ ಹೇಳುತ್ತಿದ್ದೇನೆ. ಉದಾಹರಣೆ ಜಿಟಿ40ಯ ಹಿಂದಿನ ಕಮಾನು. ಲೋಲಾ ಟಿ70, ಕೋಬ್ರಾದಂಥ ಬೇರೆ ಹಳೆಯ ಕಾರುಗಳ ರೆಪ್ಲಿಕಾ ಇರಲಿ, ಕೆಲಸದ ಕ್ರಮ ಇದೇ.

ಒಂದು ವ್ಯತ್ಯಾಸ ಮಾತ್ರ ನೆನಪಿರಲಿ. ಕೋಬ್ರಾದ ಮೂಲ ಬಾಡಿ ಅಲ್ಯೂಮಿನಿಯಂ ತಗಡಿನದು, ಅದನ್ನು ಫೈಬರ್‌ನಲ್ಲಿ ಅನುಕರಿಸುತ್ತೇವೆ. ಜಿಟಿ40 ಹಾಗಲ್ಲ. ಅದರ ಮೂಲ ಕಾರಿನಲ್ಲೇ ಉಕ್ಕಿನ ಮೊನೊಕಾಕ್ (ಪೆಟ್ಟಿಗೆಯಂಥ ತಗಡಿನ ಒಡಲು) ಮೇಲೆ ಫೈಬರ್‌ಗ್ಲಾಸ್ ಹೊದಿಕೆ ಇತ್ತು. ಆಗಿನ ಕೆಲಸಗಾರರು ಬಳಸಿದ ವಸ್ತುವನ್ನೇ ನಾವೂ ಬಳಸುತ್ತಿದ್ದೇವೆ. ನನಗೆ ಇದು ದೊಡ್ಡ ಸಂತೋಷದ ವಿಷಯ.

ಯಾವ ಕಾರು ಬೇಕು ಅಂತ ಮೊದಲು ತೀರ್ಮಾನಿಸಿ

"ಜಿಟಿ40ಯ ಆಕಾರ" ಅಂತ ಒಂದೇ ಆಕಾರ ಇಲ್ಲ. 1966ರಲ್ಲಿ ಲೆ ಮ್ಯಾನ್ಸ್ ಗೆದ್ದದ್ದು 7 ಲೀಟರ್ ಎಂಜಿನ್‌ನ ಮಾರ್ಕ್ 2. 1967ರಲ್ಲಿ ಗೆದ್ದ ಮಾರ್ಕ್ 4ರ ಬಾಡಿ ಪೂರ್ತಿ ಬೇರೆ. ಅದನ್ನು ಓಡಿಸಿದ ಡ್ಯಾನ್ ಗರ್ನಿ ತುಂಬಾ ಎತ್ತರದ ಆಸಾಮಿ, ಅವರ ಹೆಲ್ಮೆಟ್‌ಗೆ ಜಾಗ ಸಿಗಲಿ ಅಂತ ಆ ಕಾರಿನ ಮೇಲ್ಗಡೆ ಒಂದು ಉಬ್ಬನ್ನೇ ಎಬ್ಬಿಸಿದ್ದರು. 1968 ಮತ್ತು 1969, ಎರಡೂ ವರ್ಷ ಗೆದ್ದದ್ದು ಒಂದೇ ಕಾರು, 1075 ನಂಬರಿನ ಚಾಸಿ. ಮೊದಲ ವರ್ಷ ಪೆಡ್ರೊ ರಾಡ್ರಿಗಸ್ ಮತ್ತು ಲೂಸಿಯನ್ ಬಿಯಾಂಕಿ ಓಡಿಸಿದರು. ಮರುವರ್ಷ ಜಾಕಿ ಇಕ್ಸ್ ಮತ್ತು ಜಾಕಿ ಆಲಿವರ್. ಅಗಲ ಟೈರ್ ಕೂರಿಸಲು ಆ ಕಾರಿನ ಹಿಂದಿನ ಕಮಾನುಗಳನ್ನು ಹೊರಗೆ ಎಳೆದಿದ್ದರು. ಒಂದು ವರ್ಷದ ಭುಜಕ್ಕೆ ಇನ್ನೊಂದು ವರ್ಷದ ಬಾಲ ಸೇರಿಸಿದರೆ ಎರಡೂ ಆಗುವುದಿಲ್ಲ.

ಫೋಟೋಗಳನ್ನು ಆರಿಸುವಾಗ ದೂರದಿಂದ, ಉದ್ದ ಲೆನ್ಸ್‌ನಲ್ಲಿ ತೆಗೆದವನ್ನು ಹುಡುಕಿ. ಹತ್ತಿರದಿಂದ ತೆಗೆದ ಚಿತ್ರದಲ್ಲಿ ಮುಂದಿರುವ ಕಮಾನು ಉಬ್ಬಿಕೊಂಡು ಕಾಣುತ್ತದೆ. ಅದನ್ನು ನಂಬಿ ಅಳತೆ ತೆಗೆದರೆ ಕೆಟ್ಟಿತು. ಅಳತೆಗೆ ಚಕ್ರವೇ ಸ್ಕೇಲು. ಈ ಕಾರುಗಳಲ್ಲಿ 15 ಇಂಚಿನ ರಿಮ್ ಇತ್ತು. ಆದರೆ 15 ಇಂಚು ಅನ್ನುವುದು ಟೈರ್ ಕೂರುವ ಜಾಗದ ಅಳತೆ, 381 ಮಿಲಿಮೀಟರ್. ಫೋಟೋದಲ್ಲಿ ಕಾಣುವ ರಿಮ್ಮಿನ ಹೊರ ಅಂಚು ಅದಕ್ಕಿಂತ ಸುಮಾರು 35 ಮಿಲಿಮೀಟರ್ ದೊಡ್ಡದು. ಇದನ್ನು ಮರೆತರೆ ನಿಮ್ಮ ಎಲ್ಲ ಅಳತೆಗಳೂ ನೂರಕ್ಕೆ ಎಂಟೊಂಬತ್ತು ಪಾಲು ತಪ್ಪುತ್ತವೆ.

ರೆಪ್ಲಿಕಾ ಬಾಡಿಗಳು ಯಾಕೆ ಸೊಟ್ಟ ಇರುತ್ತವೆ ಅನ್ನುವುದಕ್ಕೂ ಕಾರಣ ಇದೆ. ಒಂದು ಬಾಡಿಯಿಂದ ಅಚ್ಚು ತೆಗೆಯುತ್ತಾರೆ. ಆ ಅಚ್ಚಿನಿಂದ ಬಂದ ಬಾಡಿಯ ಮೇಲೆ ಇನ್ನೊಬ್ಬರು ಅಚ್ಚು ತೆಗೆಯುತ್ತಾರೆ. ಗ್ಲಾಸ್ ನಾರನ್ನು ಹಿಡಿದಿಡುವ ಪಾಲಿಯೆಸ್ಟರ್ ರೆಸಿನ್ ಗಟ್ಟಿಯಾಗುವಾಗ ಕುಗ್ಗುತ್ತದೆ. ಬಾಡಿಯನ್ನು ಪೂರ್ತಿ ಗಟ್ಟಿಯಾಗುವ ಮೊದಲೇ ಅಚ್ಚಿನಿಂದ ಎಬ್ಬಿಸಿದರೆ ತಿರುಚಿಕೊಳ್ಳುತ್ತದೆ. ಹೀಗೆ ತಲೆಮಾರು ಕಳೆದಂತೆ ಗೆರೆಗಳು ಮೊಂಡಾಗುತ್ತವೆ.

ಕಾರನ್ನು ನಿಲ್ಲಿಸುವುದು

ಇಡೀ ಕೆಲಸದಲ್ಲಿ ಜನ ಜಾಸ್ತಿ ಅವಸರ ಮಾಡುವ ಜಾಗ ಇದು. ಬಾಡಿ ಪ್ಯಾನೆಲನ್ನು ಬಿಚ್ಚಿ ಮೇಜಿನ ಮೇಲಿಟ್ಟು ಆಕಾರ ಕೊಡಬೇಡಿ. ಮೇಜಿನ ಮೇಲೆ ಒಂದು ಆಕಾರ, ಚಾಸಿಯ ಮೇಲೆ ಇನ್ನೊಂದು ಆಕಾರ ಆಗುತ್ತದೆ. ಹಿಂದಿನ ಕ್ಲಿಪ್, ಅಂದರೆ ಹಿಂಜ್ ಮೇಲೆ ತೆರೆಯುವ ಬಾಡಿಯ ಹಿಂಭಾಗ, ದೊಡ್ಡ ಚಿಪ್ಪಿನ ಹಾಗೆ. ಎತ್ತಿದರೆ ಬಾಗುತ್ತದೆ, ಇಟ್ಟರೆ ಹರಡುತ್ತದೆ.

ಮಟ್ಟವಾದ ನೆಲದ ಮೇಲೆ ಕಾರು ನಿಲ್ಲಿಸಿ. ಓಡಿಸುವಾಗ ಬಳಸುವ ರಿಮ್ ಮತ್ತು ಟೈರನ್ನೇ ಹಾಕಿ, ಗಾಳಿ ಸರಿಯಾಗಿ ತುಂಬಿ. ಚಾಲಕನ ಸೀಟಿನಲ್ಲಿ ಚಾಲಕನಷ್ಟೇ ತೂಕದ ಮರಳು ಚೀಲ ಇಡಿ. ನೆಲದಿಂದ ಕಾರಿನ ಎತ್ತರ, ಕ್ಯಾಂಬರ್ (ಚಕ್ರದ ವಾಲು), ಟೋ (ಚಕ್ರದ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವುದು), ಎಲ್ಲವೂ ಅಂತಿಮವಾಗಿ ಹೇಗಿರಬೇಕೋ ಹಾಗೇ ಇರಲಿ. ಕ್ಲಿಪ್‌ನ ಹಿಂಜ್ ಮತ್ತು ಲಾಕ್‌ಗಳನ್ನು ಮೊದಲು ಸರಿಹೊಂದಿಸಿ. ಬಾಗಿಲಿನ ಜೊತೆಗಿನ ಸಂದು ಎರಡೂ ಕಡೆ ಒಂದೇ ಆಗುವವರೆಗೂ ಮುಂದೆ ಹೋಗಬೇಡಿ. ನನ್ನ 14 ಮಿಲಿಮೀಟರ್‌ನಲ್ಲಿ 5 ಮಿಲಿಮೀಟರ್ ಹಿಂಜ್‌ನದ್ದೇ ತಪ್ಪಾಗಿತ್ತು. ಅದನ್ನು ಸ್ಪ್ಯಾನರ್ ತಿರುಗಿಸಿಯೇ ಸರಿಮಾಡಿದೆ.

ಆಮೇಲೆ ಸ್ಪ್ರಿಂಗ್ ಬಿಚ್ಚಿ. ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಮಾತ್ರ ಇರಲಿ. ಚಕ್ರದ ಕೆಳಗೆ ಜಾಕ್ ಇಟ್ಟು, ಚಕ್ರ ಇನ್ನೂ ಮೇಲೇರದಂತೆ ತಡೆಯುವ ಬಂಪ್ ಸ್ಟಾಪ್ ಮುಟ್ಟುವವರೆಗೆ ನಿಧಾನವಾಗಿ ಎತ್ತಿ. ಟೈರ್ ಎಷ್ಟು ಮೇಲೆ ಬರುತ್ತದೆ, ಎಷ್ಟು ಒಳಕ್ಕೆ ವಾಲುತ್ತದೆ, ಎಲ್ಲಿ ಬಾಡಿಗೆ ತಾಗುತ್ತದೆ ಅಂತ ಗುರುತು ಹಾಕಿ. ಮುಂದಿನ ಚಕ್ರಗಳಾದರೆ ಇದನ್ನೇ ಸ್ಟಿಯರಿಂಗ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ಮತ್ತೆ ಮಾಡಬೇಕು. ನಾನು ಪೂರ್ತಿ ಮೇಲೆದ್ದ ಟೈರ್‌ಗೂ ಬಾಡಿಗೂ ನಡುವೆ 25 ಮಿಲಿಮೀಟರ್ ಬಿಡುತ್ತೇನೆ. ವೇಗದ ತಿರುವಿನಲ್ಲಿ ಟೈರಿನ ಪಕ್ಕೆ ಉಬ್ಬುತ್ತದೆ, ಚಾಸಿ ಬಳುಕುತ್ತದೆ, ರಬ್ಬರ್ ಬುಷ್ ಇದ್ದರೆ ಅದೂ ಒತ್ತಿಕೊಳ್ಳುತ್ತದೆ. ನಿಂತ ಕಾರಿನಲ್ಲಿ ಕಾಣುವ ಸಂದು ಓಡುವ ಕಾರಿನಲ್ಲಿ ಉಳಿಯುವುದಿಲ್ಲ.

ನಡುಗೆರೆ ಮತ್ತು ಟೆಂಪ್ಲೇಟ್

ಎಡ ಬಲ ಸಮ ಇದೆಯೇ ಅಂತ ನೋಡಲು ಬಾಡಿಯನ್ನು ನಂಬಬೇಡಿ. ಚಾಸಿಯನ್ನು ನಂಬಿ. ಸಸ್ಪೆನ್ಶನ್ ಜೋಡಿಸುವ ಎಡ ಬಲದ ತೂತುಗಳಿಂದ ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಗುರುತು ಮಾಡಿ. ಅವುಗಳ ನಡುಬಿಂದು ಸೇರಿಸಿ ಕಾರಿನ ಉದ್ದಕ್ಕೂ ಒಂದು ಗೆರೆ ಎಳೆಯಿರಿ. ಅದೇ ನಡುಗೆರೆ. ಲೇಸರ್ ಲೆವೆಲ್ ಇದ್ದರೆ ಆ ಗೆರೆಯನ್ನು ಬಾಡಿಯ ಮೇಲಕ್ಕೂ ತರಬಹುದು. ಅಲ್ಲಿ ತೆಳು ಮಾಸ್ಕಿಂಗ್ ಟೇಪ್ ಅಂಟಿಸಿ.

ನಂತರ ಚಕ್ರದ ನಡುಬಿಂದುವಿನಿಂದ ಹಿಂದಕ್ಕೂ ಮುಂದಕ್ಕೂ 100 ಮಿಲಿಮೀಟರ್‌ಗೆ ಒಂದರಂತೆ ಅಡ್ಡಗೆರೆ ಹಾಕಿ. ಪ್ರತಿ ಗೆರೆಗೂ ಒಂದು ಟೆಂಪ್ಲೇಟ್ ಬೇಕು. ಮೊದಲು ರಟ್ಟಿನಲ್ಲಿ ಕತ್ತರಿಸಿ ನೋಡಿ, ಸರಿ ಅನ್ನಿಸಿದ ಮೇಲೆ 6 ಮಿಲಿಮೀಟರ್ ಪ್ಲೈವುಡ್‌ನಲ್ಲಿ ಮಾಡಿ. ಪ್ರತಿಯೊಂದರ ಮೇಲೂ ಗೆರೆಯ ನಂಬರ್, ನಡುಗೆರೆಯ ಕಡೆಗೆ ಬಾಣ, ನೆಲದಿಂದ ಎಷ್ಟು ಎತ್ತರ ಅಂತ ಬರೆಯಿರಿ. ಒಂದು ಕಡೆಗೆ ಮಾಡಿದ ಟೆಂಪ್ಲೇಟನ್ನೇ ಮಗುಚಿ ಇನ್ನೊಂದು ಕಡೆಗೆ ಇಡುವುದು. ಎರಡು ಕಡೆಗೂ ಬೇರೆ ಬೇರೆ ಟೆಂಪ್ಲೇಟ್ ಮಾಡಿದರೆ ತಪ್ಪೂ ಎರಡಾಗುತ್ತದೆ.

ನನಗೆ ಟೆಂಪ್ಲೇಟ್‌ಗಳಿಗೇ ಎರಡು ವಾರಾಂತ್ಯ ಹಿಡಿಯಿತು. ರೆಸಿನ್ ಡಬ್ಬ ತೆರೆಯುವ ಆಸೆ ಕೈಯಲ್ಲಿ ತುರಿಸುತ್ತಿರುತ್ತದೆ, ನನಗೆ ಗೊತ್ತು. ತಡೆದುಕೊಳ್ಳಿ.

ಮೈ, ಕಣ್ಣು, ಉಸಿರು

ರೆಸಿನ್‌ನಿಂದ ಏಳುವ ಸ್ಟೈರೀನ್ ವಾಸನೆಗೆ ಬಟ್ಟೆಯ ಮಾಸ್ಕ್ ಸಾಲದು. ಇದ್ದಿಲು ತುಂಬಿದ, ಆವಿ ಹೀರುವ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು. ಉಜ್ಜುವಾಗ ಏಳುವ ಧೂಳಿಗೆ ಪಿ3 ಅಥವಾ ಪಿ100 ದರ್ಜೆಯ ಫಿಲ್ಟರ್. ಗಾಳಿ ಆಡುವ ಜಾಗ ಇರಲಿ, ಹತ್ತಿರ ಬೆಂಕಿ ಬೇಡ, ಅಸಿಟೋನ್ ಕ್ಷಣದಲ್ಲಿ ಹತ್ತಿಕೊಳ್ಳುತ್ತದೆ.

ಇದಕ್ಕಿಂತ ಗಂಭೀರವಾದ ಮಾತು ರೆಸಿನ್ ಗಟ್ಟಿಯಾಗಿಸುವ ಹಾರ್ಡನರ್ ಬಗ್ಗೆ. ಪಾಲಿಯೆಸ್ಟರ್‌ಗೆ ಬಳಸುವ ಎಂಇಕೆಪಿ ಒಂದು ಹನಿ ಕಣ್ಣಿಗೆ ಬಿದ್ದರೂ ಕಣ್ಣು ಹೋಗಬಹುದು. ರಕ್ಷಣಾ ಕನ್ನಡಕ ಹಾಕದೆ ಆ ಬಾಟಲಿಯ ಮುಚ್ಚಳ ತೆಗೆಯಲೇಬೇಡಿ. ಬಿದ್ದರೆ ತಕ್ಷಣ ಕನಿಷ್ಠ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ವೈದ್ಯರ ಬಳಿ ಹೋಗಬೇಕು. ಕೋಬಾಲ್ಟ್ ವೇಗವರ್ಧಕವನ್ನು ಬೇರೆ ಬಾಟಲಿಯಲ್ಲಿ ಕೊಟ್ಟಿದ್ದರೆ ಅದನ್ನು ಎಂಇಕೆಪಿ ಜೊತೆ ನೇರವಾಗಿ ಎಂದೂ ಬೆರೆಸಬೇಡಿ, ಸ್ಫೋಟವಾಗುತ್ತದೆ. ಕೋಬಾಲ್ಟ್ ಮೊದಲೇ ಸೇರಿಸಿರುವ ರೆಸಿನ್ ಕೊಳ್ಳುವುದೇ ಒಳ್ಳೆಯದು.

ಗ್ಲಾಸ್ ಧೂಳು ಮೈಗೆ ಅಂಟಿದರೆ ಮೊದಲು ತಣ್ಣೀರು. ಬಿಸಿನೀರು ತುರಿಕೆ ಜಾಸ್ತಿ ಮಾಡುತ್ತದೆ ಅಂತ ಈ ಕೆಲಸದವರು ಹೇಳುತ್ತಾರೆ. ನನ್ನ ಅನುಭವವೂ ಅದೇ.

ಕತ್ತರಿಸುವುದು

ಮೊದಲು ಆಸರೆ. ಕ್ಲಿಪ್‌ನ ಒಳಗಡೆ ಎಡದಿಂದ ಬಲಕ್ಕೆ ಎರಡು ಮೂರು ಕಡೆ ಚೌಕ ಪೈಪ್ ಅಥವಾ ಮರದ ಪಟ್ಟಿ ಕೊಟ್ಟು, ತುದಿಗಳನ್ನು ಫೈಬರ್ ತುಂಡಿನಿಂದ ಅಂಟಿಸಿ. ಕಮಾನಿನ ಅಂಚೇ ಕ್ಲಿಪ್‌ನ ಬಿಗಿತಕ್ಕೆ ಆಧಾರ. ಅದನ್ನು ಬಿಡಿಸಿದ ಕೂಡಲೇ ಇಡೀ ಕ್ಲಿಪ್ ಬಾಯಿ ಬಿಡುತ್ತದೆ. ಆಸರೆ ಇಲ್ಲದೆ ಕತ್ತರಿಸಿದರೆ ಅದನ್ನು ಮೊದಲಿನ ಜಾಗಕ್ಕೆ ತರುವುದು ತುಂಬಾ ಕಷ್ಟ.

ಈಗ ಕಮಾನಿನ ಅಂಚಿನಿಂದ 60ರಿಂದ 80 ಮಿಲಿಮೀಟರ್ ಮೇಲೆ, ಅಂಚಿಗೆ ಸಮಾನಾಂತರವಾಗಿ ಟೇಪ್ ಹಚ್ಚಿ ಗೆರೆ ಎಳೆಯಿರಿ. ಗ್ರೈಂಡರ್‌ಗೆ 1 ಮಿಲಿಮೀಟರ್‌ನ ಕಟಿಂಗ್ ವೀಲ್ ಹಾಕಿ ಆ ಗೆರೆಯಲ್ಲಿ ಕತ್ತರಿಸಿ. ಕೈಗೆ ಬರುವುದು ಬಿಲ್ಲಿನಾಕಾರದ ಒಂದು ಪಟ್ಟಿ. ಅದನ್ನು ಎಸೆಯಬೇಡಿ, ಅದೇ ನಿಮ್ಮ ಹೊಸ ಅಂಚು. ಕಾರ್ಖಾನೆಯಲ್ಲಿ ಮಡಿಸಿದ ಒಳ ಅಂಚು, ಕಮಾನಿನ ಬಾಗು, ಎರಡೂ ಅದರಲ್ಲಿ ಸಿದ್ಧವಾಗಿವೆ.

ಪಟ್ಟಿಯನ್ನು ಹೊರಗೆ ಸರಿಸಿದಾಗ ಅದರ ಉದ್ದ ಸಾಲುವುದಿಲ್ಲ. ಆದ್ದರಿಂದ ಅದನ್ನು ಮೂರು ನಾಲ್ಕು ಕಡೆ ಅಡ್ಡಲಾಗಿ ಕತ್ತರಿಸಿ ಬೀಸಣಿಗೆಯ ಹಾಗೆ ಸ್ವಲ್ಪ ಬಿಡಿಸಿ. ಟೆಂಪ್ಲೇಟ್‌ಗಳನ್ನು ನಿಲ್ಲಿಸಿ, ಪ್ರತಿ ತುಂಡನ್ನೂ ಅದರ ಜಾಗಕ್ಕೆ ಹಿಡಿದು, ತೆಳು ಅಲ್ಯೂಮಿನಿಯಂ ಪಟ್ಟಿ ಮತ್ತು ರಿವೆಟ್‌ನಿಂದ ಮೇಲಿನ ಬಾಡಿಗೆ ಜೋಡಿಸಿ. ಎತ್ತರ ಸರಿಪಡಿಸುವುದಿದ್ದರೆ ಇದೇ ಹಂತದಲ್ಲಿ. ನನ್ನ ಕಾರಿನ ಉಳಿದ 9 ಮಿಲಿಮೀಟರನ್ನು ಇಲ್ಲೇ ಕೆಳಗಿಳಿಸಿದೆ.

ಎಲ್ಲ ತುಂಡುಗಳೂ ನಿಂತ ಮೇಲೆ ಕೆಲಸ ನಿಲ್ಲಿಸಿ. ಹತ್ತು ಮೀಟರ್ ದೂರ ಹೋಗಿ ನೋಡಿ. ಮೊಣಕಾಲೂರಿ ನೋಡಿ. ಫೋಟೋ ತೆಗೆದು ಎಡಬಲ ಮಗುಚಿ ನೋಡಿ, ಕಣ್ಣಿಗೆ ಅಭ್ಯಾಸವಾಗಿದ್ದ ತಪ್ಪು ಥಟ್ಟನೆ ಕಾಣುತ್ತದೆ. ನಾನು ಮೂರು ದಿನ ಹಾಗೇ ಬಿಟ್ಟಿದ್ದೆ. ಮೂರನೇ ದಿನ ಬೆಳಗ್ಗೆ ಕಮಾನಿನ ತುದಿ ಚಕ್ರದ ನಡುವಿಗಿಂತ ಸ್ವಲ್ಪ ಹಿಂದೆ ಬಿದ್ದಿದ್ದು ಕಂಡಿತು. ಆಗ ರಿವೆಟ್ ಕೊರೆದು ಸರಿಸಲು ಹತ್ತು ನಿಮಿಷ ಸಾಕಾಯಿತು. ರೆಸಿನ್ ಹಾಕಿದ ಮೇಲೆ ಆಗಿದ್ದರೆ ಹತ್ತು ದಿನ.

ಸರಿಸಲು ಚರ್ಮವೇ ಇಲ್ಲದ ಜಾಗವೂ ಇರುತ್ತದೆ, ಉದಾಹರಣೆಗೆ ಬಾಲದ ಮೇಲಿನ ಸ್ಪಾಯ್ಲರ್ ಅಂಚು. 1964ರ ಏಪ್ರಿಲ್‌ನಲ್ಲಿ ಲೆ ಮ್ಯಾನ್ಸ್ ಪರೀಕ್ಷಾ ಓಟಕ್ಕೆ ಬಂದ ಮೊದಲ ಜಿಟಿ40ಗಳು ಎರಡೂ ಅಪಘಾತಕ್ಕೀಡಾದವು. ವೇಗದಲ್ಲಿ ಕಾರಿನ ಹಿಂಭಾಗಕ್ಕೆ ನೆಲದ ಹಿಡಿತ ತಪ್ಪುತ್ತಿತ್ತು. ಆಮೇಲೆ ಬಾಲದ ಮೇಲೆ ಮೇಲ್ಮುಖವಾದ ಅಂಚು ಬಂತು. ಇಂಥದ್ದನ್ನು ಪಾಲಿಯುರೆಥೇನ್ ಫೋಮ್ ಅಂಟಿಸಿ, ಉಜ್ಜಿ ಆಕಾರ ತಂದು, ಮೇಲೆ ಫೈಬರ್ ಪದರ ಹಾಕಿ, ಒಳಗಿನಿಂದ ಫೋಮ್ ಕೆರೆದು ತೆಗೆದು ಮಾಡಬಹುದು. ಥರ್ಮಾಕೋಲ್ ಮಾತ್ರ ಬೇಡವೇ ಬೇಡ. ಪಾಲಿಯೆಸ್ಟರ್ ರೆಸಿನ್‌ನ ಸ್ಟೈರೀನ್ ತಾಗಿದರೆ ಅದು ಕರಗಿ ಗುಳಿ ಬೀಳುತ್ತದೆ.

ಹಳೆಯ ಫೈಬರ್ ಹೊಸದನ್ನು ಹಿಡಿಯಬೇಕಲ್ವಾ

ಗಟ್ಟಿಯಾದ ಹಳೆಯ ಪಾಲಿಯೆಸ್ಟರ್‌ಗೂ ಹೊಸ ರೆಸಿನ್‌ಗೂ ರಾಸಾಯನಿಕ ಬೆಸುಗೆ ಆಗುವುದಿಲ್ಲ. ಹೊಸದು ಹಳೆಯದರ ಗೀರುಗಳಲ್ಲಿ ಕಚ್ಚಿಕೊಂಡು ನಿಲ್ಲುತ್ತದೆ, ಅಷ್ಟೇ. ಹಾಗಾಗಿ ಗೀರು ಆಳವಾಗಿರಬೇಕು, ಹಿಡಿಯುವ ಜಾಗ ಅಗಲವಾಗಿರಬೇಕು.

ಮೊದಲು ಎಣ್ಣೆ ಜಿಡ್ಡು ತೆಗೆಯಿರಿ. ಎಂಜಿನ್ ಮೇಲಿನ ಕ್ಲಿಪ್ ಅಲ್ವಾ, ಒಳಗಡೆ ಎಣ್ಣೆಯ ಆವಿ ಕುಳಿತಿರುತ್ತದೆ. ಜಿಡ್ಡು ಇರುವಾಗಲೇ ಉಜ್ಜಿದರೆ ಅದನ್ನು ಗೀರುಗಳ ಒಳಕ್ಕೆ ತುಂಬಿದ ಹಾಗಾಗುತ್ತದೆ. ತೊಳೆದು ಒಣಗಿಸಿದ ಮೇಲೆ 40 ಅಥವಾ 60 ನಂಬರ್ ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ. ಬಣ್ಣ, ಪ್ರೈಮರ್, ಜೆಲ್‌ಕೋಟ್ (ಫೈಬರ್‌ನ ಹೊರಮೈಯ ನಯವಾದ ರೆಸಿನ್ ಪದರ) ಎಲ್ಲ ಹೋಗಿ ಗ್ಲಾಸ್ ಎಳೆ ಕಾಣಬೇಕು. ಜೆಲ್‌ಕೋಟ್ ಮೇಲೆ ಅಂಟಿಸಿದರೆ ಅದು ಕೊನೆಗೆ ಜೆಲ್‌ಕೋಟ್ ಸಮೇತ ಕಿತ್ತು ಬರುತ್ತದೆ.

ಇಳಿಜಾರಿನ ಲೆಕ್ಕ 12ಕ್ಕೆ 1. ಬಾಡಿ 3 ಮಿಲಿಮೀಟರ್ ದಪ್ಪ ಇದ್ದರೆ ಕತ್ತರಿಸಿದ ಅಂಚಿನಿಂದ 36 ಮಿಲಿಮೀಟರ್ ದೂರದವರೆಗೆ ಅದನ್ನು ತೆಳುವಾಗಿಸುತ್ತಾ ಬನ್ನಿ. ಒಳಗಡೆಯಿಂದ ಮೊದಲು ಮಾಡಿ. ಹೊರಗಿನ ಸರದಿ ಆಮೇಲೆ. ಧೂಳನ್ನು ವ್ಯಾಕ್ಯೂಮ್‌ನಲ್ಲಿ ಎಳೆದು, ಅಸಿಟೋನ್ ಹಚ್ಚಿದ ಶುದ್ಧ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಆರಲು ಬಿಡಿ. ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ.

ಪಾಲಿಯೆಸ್ಟರ್ ಬಳಸಬೇಕೋ ಎಪಾಕ್ಸಿ ಬಳಸಬೇಕೋ? ಎಪಾಕ್ಸಿ ಹಳೆಯ ಫೈಬರ್‌ಗೆ ಇನ್ನೂ ಗಟ್ಟಿಯಾಗಿ ಅಂಟುತ್ತದೆ, ಕುಗ್ಗುವುದೂ ಕಡಿಮೆ. ಆದರೆ ಅದರ ಮೇಲೆ ಪಾಲಿಯೆಸ್ಟರ್ ಜೆಲ್‌ಕೋಟ್ ಅಥವಾ ರೆಸಿನ್ ಸರಿಯಾಗಿ ಹಿಡಿಯುವುದಿಲ್ಲ. ಇನ್ನೊಂದು ತೊಡಕು: ತುಂಡು ಗ್ಲಾಸ್ ಎಳೆಗಳ ಹಾಸಾದ ಸಾಮಾನ್ಯ ಚಾಪ್ಡ್ ಮ್ಯಾಟ್‌ನ ಎಳೆಗಳನ್ನು ಹಿಡಿದಿರುವ ಅಂಟು ಸ್ಟೈರೀನ್‌ನಲ್ಲಿ ಕರಗುವಂಥದ್ದು. ಎಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲ, ಮ್ಯಾಟ್ ಮೆತ್ತಗಾಗದೆ ಸೆಟೆದುಕೊಂಡೇ ಇರುತ್ತದೆ. ಎಪಾಕ್ಸಿಗೆ ನೇಯ್ದ ಬಟ್ಟೆಯೇ ಬೇಕು. ನಾನು ಇಡೀ ಕಮಾನಿಗೆ ಪಾಲಿಯೆಸ್ಟರ್ ಬಳಸಿದೆ, ಏಕೆಂದರೆ ಸುತ್ತಲಿನ ಬಾಡಿಯೂ ಅದೇ, ಎರಡೂ ಒಂದೇ ರೀತಿ ಬಳುಕುತ್ತವೆ. ಹಿಂಜ್ ಕೂರುವ ಜಾಗದ ದುರಸ್ತಿಗೆ ಮಾತ್ರ ಎಪಾಕ್ಸಿ.

ಪದರ ಹಾಕುವುದು

ಕೋಣೆ 18ರಿಂದ 25 ಡಿಗ್ರಿ ಸೆಲ್ಸಿಯಸ್ ಇರಲಿ. 15ಕ್ಕಿಂತ ಕೆಳಗೆ ರೆಸಿನ್ ಸರಿಯಾಗಿ ಗಟ್ಟಿಯಾಗುವುದಿಲ್ಲ. ಮೇಣ ಬೆರೆಸದ ಲ್ಯಾಮಿನೇಟಿಂಗ್ ರೆಸಿನ್ ತನ್ನಿ. ಮೇಣ ಇರುವ ರೆಸಿನ್ ಗಟ್ಟಿಯಾದಾಗ ಮೇಣ ಮೇಲಕ್ಕೆ ಬಂದು ಮುಂದಿನ ಪದರ ಅಂಟದಂತೆ ಮಾಡುತ್ತದೆ, ಅದನ್ನು ಪ್ರತಿ ಸಲ ಉಜ್ಜಿ ತೆಗೆಯಬೇಕು.

ಲೆಕ್ಕ ಹೀಗೆ. ಕಂದಕದ ಮೇಲೆ ಹಾಕುವ ಪಟ್ಟಿ 1.2 ಮೀಟರ್ ಉದ್ದ, 0.15 ಮೀಟರ್ ಅಗಲ ಅಂದುಕೊಳ್ಳಿ. ಅಂದರೆ 0.18 ಚದರ ಮೀಟರ್. ಚದರ ಮೀಟರ್‌ಗೆ 450 ಗ್ರಾಂ ತೂಗುವ ಮ್ಯಾಟ್‌ನ ಒಂದು ಪದರ ಗಟ್ಟಿಯಾದಾಗ ಸುಮಾರು 1 ಮಿಲಿಮೀಟರ್ ದಪ್ಪ ಬರುತ್ತದೆ. ಮೂರು ಪದರಕ್ಕೆ ಸುಮಾರು 245 ಗ್ರಾಂ ಮ್ಯಾಟ್. ರೆಸಿನ್ ಮ್ಯಾಟ್‌ನ ತೂಕದ ಎರಡರಿಂದ ಎರಡೂವರೆ ಪಟ್ಟು, ಅಂದರೆ ಅರ್ಧ ಕಿಲೋಗಿಂತ ತುಸು ಜಾಸ್ತಿ. ಅಷ್ಟನ್ನೂ ಒಮ್ಮೆಲೇ ಕಲಸಬೇಡಿ. 250 ಗ್ರಾಂ ರೆಸಿನ್‌ಗೆ 2 ಪರ್ಸೆಂಟ್ ಅಂದರೆ 5 ಗ್ರಾಂ ಎಂಇಕೆಪಿ. ಸೆಕೆ ಇದ್ದರೆ 1.5 ಸಾಕು, 1ಕ್ಕಿಂತ ಕೆಳಗೆ ಇಳಿಯಬೇಡಿ. ಕಣ್ಣಂದಾಜು ಬೇಡ, ಗ್ರಾಂ ತೂಗುವ ತಕ್ಕಡಿ ಬೇಕು. ಕಲಸಿದ್ದು ಹತ್ತು ಹದಿನೈದು ನಿಮಿಷ ಕೈಗೆ ಸಿಗುತ್ತದೆ. ಡಬ್ಬದಲ್ಲೇ ಬಿಟ್ಟರೆ ತನ್ನ ಬಿಸಿಗೆ ತಾನೇ ಹೊಗೆಯಾಡುತ್ತದೆ. ಉಳಿದದ್ದನ್ನು ಹೊರಗೆ ಅಗಲ ತಟ್ಟೆಗೆ ಸುರಿದುಬಿಡಿ.

ಹೊರಗಡೆಯಿಂದ ಕಂದಕಕ್ಕೆ ತೆಳು ಪ್ಲಾಸ್ಟಿಕ್ ಹಾಳೆಯನ್ನು ಬಾಗಿಸಿ ಟೇಪ್‌ನಿಂದ ಬಿಗಿಯಾಗಿ ಕಟ್ಟಿ. ಒಳಗಡೆಯಿಂದ ಪದರ ಹಾಕುವಾಗ ಅದೇ ಅಚ್ಚು. ಮ್ಯಾಟ್‌ನ ಅಂಚನ್ನು ಕತ್ತರಿಯಿಂದ ಕತ್ತರಿಸಬೇಡಿ, ಕೈಯಿಂದ ಹರಿಯಿರಿ. ಹರಿದ ಅಂಚಿನ ಎಳೆಗಳು ಹರಡಿಕೊಂಡು ಹಳೆಯ ಮೈಗೆ ಮೆಟ್ಟಿಲಿಲ್ಲದೆ ಸೇರುತ್ತವೆ.

ಮೊದಲು ಜಾಗಕ್ಕೆ ರೆಸಿನ್ ಬಳಿಯಿರಿ. ಅದರ ಮೇಲೆ ಅತಿ ಅಗಲದ ಪಟ್ಟಿ. ದೊಡ್ಡದು ಮೊದಲೋ ಚಿಕ್ಕದು ಮೊದಲೋ ಅನ್ನುವುದರಲ್ಲಿ ಜನರಿಗೆ ಭಿನ್ನಾಭಿಪ್ರಾಯ ಇದೆ. ನಾನು ದೊಡ್ಡದನ್ನೇ ಮೊದಲು ಹಾಕುತ್ತೇನೆ. ಇಳಿಜಾರಿನ ಪೂರ್ತಿ ಮೈಯನ್ನು ಒಂದೇ ಅಖಂಡ ಪದರ ಹಿಡಿಯುತ್ತದೆ. ಆಮೇಲೆ ಉಜ್ಜುವಾಗ ಸವೆಯುವುದು ಮೇಲಿನ ಚಿಕ್ಕ ಪದರ, ಹಿಡಿತದ ಪದರ ಅಲ್ಲ.

ಬ್ರಷ್‌ನಿಂದ ಎಳೆಯಬೇಡಿ, ಕುಟ್ಟಿ. ಎಳೆದರೆ ನಾರು ಜರುಗುತ್ತದೆ. ಬಿಳಿ ಮ್ಯಾಟ್ ಪಾರದರ್ಶಕವಾದರೆ ನೆನೆದಿದೆ ಅಂತ ಅರ್ಥ. ಇನ್ನೂ ಬಿಳಿ ಇರುವ ಕಡೆ ಒಣ ನಾರೋ ಗಾಳಿಗುಳ್ಳೆಯೋ ಇದೆ. ಗೀರುಗಳಿರುವ ಲೋಹದ ರೋಲರ್‌ನಿಂದ ನಡುವಿನಿಂದ ಅಂಚಿಗೆ ಉರುಳಿಸಿ ಗಾಳಿ ಹೊರಹಾಕಿ. ಹೊಳೆಯುವ ಕೊಳ ನಿಂತಿದ್ದರೆ ರೆಸಿನ್ ಜಾಸ್ತಿಯಾಯಿತು, ಒಣ ಬ್ರಷ್‌ನಿಂದ ಎತ್ತಿ. ರೆಸಿನ್ ಜಾಸ್ತಿಯಾದಷ್ಟೂ ತೂಕ ಮತ್ತು ಬಿರುಕು ಎರಡೂ ಜಾಸ್ತಿ. ಒಮ್ಮೆಗೆ ಮೂರು ಪದರ ಸಾಕು. ಅದಕ್ಕಿಂತ ದಪ್ಪ ಹಾಕಿದರೆ ಬಿಸಿಗೆ ಪ್ಯಾನೆಲ್ ಎಳೆದುಕೊಳ್ಳುತ್ತದೆ.

ಅರೆ ಗಟ್ಟಿಯಾಗಿ ಚರ್ಮದ ಹದಕ್ಕೆ ಬಂದಾಗ ಹೊರಚಾಚಿದ ಭಾಗವನ್ನು ಚಾಕುವಿನಿಂದ ಸಲೀಸಾಗಿ ಕೊಯ್ಯಬಹುದು. ಆ ಹದ ಕೆಲವೇ ನಿಮಿಷ ಇರುತ್ತದೆ, ಕಾದು ಕುಳಿತಿರಿ.

ಒಂದು ದಿನ ಬಿಟ್ಟು ಹೊರಗಿನ ಪ್ಲಾಸ್ಟಿಕ್ ಕಳಚಿ, ರಿವೆಟ್ ಮತ್ತು ಅಲ್ಯೂಮಿನಿಯಂ ಪಟ್ಟಿ ತೆಗೆಯಿರಿ. ಕೀಲಿನ ಉದ್ದಕ್ಕೂ ಹೊರಗಡೆಯಿಂದ ಅದೇ ರೀತಿ ಇಳಿಜಾರಾಗಿ ಉಜ್ಜಿ, ಎರಡು ಪದರ ಮ್ಯಾಟ್ ಮತ್ತು ಕೊನೆಗೆ ಚದರ ಮೀಟರ್‌ಗೆ 30 ಗ್ರಾಂ ತೂಗುವ ತೆಳು ಗ್ಲಾಸ್ ಟಿಶ್ಯೂ ಹಾಕಿ. ಹೀಗೆ ಎರಡೂ ಕಡೆಯಿಂದ ಹಿಡಿದ ಕೀಲು ಮುಂದೆ ಗೆರೆಯಾಗಿ ಕಾಣಿಸಿಕೊಳ್ಳುವ ಸಾಧ್ಯತೆ ಕಡಿಮೆ. ಒಳಗಿನ ಆಸರೆಗಳನ್ನು ಮಾತ್ರ ಇನ್ನೂ ತೆಗೆಯಬೇಡಿ.

ಉದ್ದ ಹಲಗೆ

ನನಗೆ ತುಂಬಾ ಇಷ್ಟವಾದ ಭಾಗ ಇದು. ಫೈಬರ್ ಈಗ ಆಕಾರಕ್ಕೆ ಹತ್ತಿರ ಬಂದಿದೆ. ತಗ್ಗು ದಿಣ್ಣೆಗಳು 2-3 ಮಿಲಿಮೀಟರ್ ಒಳಗಿದ್ದರೆ ಪುಟ್ಟಿ. ಅದಕ್ಕಿಂತ ಆಳವಾಗಿದ್ದರೆ ಹಿಂದಕ್ಕೆ ಹೋಗಿ ಇನ್ನೊಂದು ಪದರ ಫೈಬರ್. ಇದರಲ್ಲಿ ನಾನು ಈಗ ರಾಜಿ ಮಾಡಿಕೊಳ್ಳುವುದಿಲ್ಲ. ಮೊದಲ ತೆಳು ಲೇಪಕ್ಕೆ ಗ್ಲಾಸ್ ನಾರು ಬೆರೆಸಿದ ಪುಟ್ಟಿ, ಅದರ ಮೇಲೆ ಸಾಮಾನ್ಯ ನಯವಾದ ಪುಟ್ಟಿ.

ಕೈಯಲ್ಲಿ ಹಿಡಿಯುವ ಚಿಕ್ಕ ದಿಮ್ಮಿಯಿಂದ ಕಮಾನು ಉಜ್ಜಬೇಡಿ. ಅದು ತಗ್ಗಿನಲ್ಲೇ ಇಳಿದು ತಗ್ಗನ್ನೇ ನಯ ಮಾಡುತ್ತದೆ. 400 ಮಿಲಿಮೀಟರ್ ಉದ್ದದ, ಸ್ವಲ್ಪ ಬಾಗುವ ಹಲಗೆಗೆ 80 ನಂಬರ್ ಪೇಪರ್ ಅಂಟಿಸಿ. ಓರೆಯಾಗಿ ಒಂದು ದಿಕ್ಕಿಗೆ ಹತ್ತು ಸಲ, ಅದಕ್ಕೆ ಅಡ್ಡವಾದ ಓರೆಯಲ್ಲಿ ಹತ್ತು ಸಲ. ಹಲಗೆ ದಿಣ್ಣೆಯಿಂದ ದಿಣ್ಣೆಗೆ ಸೇತುವೆಯ ಹಾಗೆ ಕೂತು ಎತ್ತರವನ್ನು ಮಾತ್ರ ಸವೆಸುತ್ತದೆ.

ಉಜ್ಜುವ ಮೊದಲು ಕಪ್ಪು ಸ್ಪ್ರೇ ಬಣ್ಣವನ್ನು ದೂರದಿಂದ ಮಂಜಿನ ಹಾಗೆ ಸಿಂಪಡಿಸಿ. ಉಜ್ಜಿದ ಮೇಲೆ ಕಪ್ಪು ಉಳಿದ ಜಾಗ ತಗ್ಗು. ಬೇಗ ಬಿಳಿಯಾದದ್ದು ದಿಣ್ಣೆ. ಆಗಾಗ ಟೆಂಪ್ಲೇಟ್ ಇಟ್ಟು ಹಿಂದಿನಿಂದ ಬೆಳಕು ಹಿಡಿಯಿರಿ. ಬೆಳಕು ನುಸುಳುವ ಸಂದು 1 ಮಿಲಿಮೀಟರ್ ಒಳಗೆ ಬಂದರೆ ಸಾಕು, ಉಳಿದದ್ದನ್ನು ಕೈ ಮತ್ತು ಕಣ್ಣು ನೋಡಿಕೊಳ್ಳುತ್ತವೆ. ತೆಳು ಹತ್ತಿ ಬಟ್ಟೆ ಅಂಗೈ ಕೆಳಗಿಟ್ಟು, ಕಣ್ಣು ಮುಚ್ಚಿ, ಉದ್ದಕ್ಕೆ ಸವರಿ. ಬೆರಳ ತುದಿಗಿಂತ ಅಂಗೈ ಚೆನ್ನಾಗಿ ಗುರುತಿಸುತ್ತದೆ. ಆಮೇಲೆ ಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಟ್ಯೂಬ್‌ಲೈಟ್ ಪ್ರತಿಬಿಂಬ ನೋಡಿ. ಬಾಗಿಲಿನಿಂದ ಬಾಲದವರೆಗೆ ಆ ಬೆಳಕಿನ ಗೆರೆ ಎಲ್ಲೂ ಮುರಿಯದೆ ಹರಿಯಬೇಕು. ಅದು ಎಲ್ಲಿ ಗಂಟಲು ಹಿಡಿದ ಹಾಗೆ ಕಿರಿದಾಗುತ್ತದೋ ಅಲ್ಲಿ ಕೆಲಸ ಬಾಕಿ ಇದೆ.

ಅಂಚು ಮತ್ತು ಸಂದು

ಕಮಾನಿನ ಒಳ ಅಂಚು 20ರಿಂದ 25 ಮಿಲಿಮೀಟರ್ ಒಳಕ್ಕೆ ಮಡಿಸಿರಲಿ. ಅದೇ ಕಮಾನಿಗೆ ಬಿಗಿ ಕೊಡುತ್ತದೆ. ಬೀಸಣಿಗೆಯ ಹಾಗೆ ಬಿಡಿಸಿದ ಕಡೆ ಅಂಚಿನಲ್ಲೂ ಬಾಯಿ ಬಿಟ್ಟಿರುತ್ತದೆ, ಅಲ್ಲಿ ಫೈಬರ್ ತುಂಬಿ, ಪುಟ್ಟಿ ಅಲ್ಲ. ಚಕ್ರ ಎಸೆಯುವ ಕಲ್ಲಿನ ಪೆಟ್ಟು ಬೀಳುವುದೇ ಅಲ್ಲಿ.

ಬಾಗಿಲಿನ ಸಂದಿಗೆ ಒಂದು ಸರಳ ಉಪಾಯ. ಬಾಗಿಲಿನ ಅಂಚಿಗೆ ಪ್ಯಾಕಿಂಗ್ ಟೇಪ್ ಸುತ್ತಿ. ಕ್ಲಿಪ್‌ನ ಅಂಚಿಗೆ ಫೈಬರ್ ಹಾಕುತ್ತಾ ಬಾಗಿಲಿಗೆ ತಾಗುವವರೆಗೂ ಬೆಳೆಸಿ. ಟೇಪ್‌ಗೆ ರೆಸಿನ್ ಅಂಟುವುದಿಲ್ಲ. ಗಟ್ಟಿಯಾದ ಮೇಲೆ 4 ಮಿಲಿಮೀಟರ್‌ನ ಒಂದು ಗೆರೆ ಗುರುತಿಸಿ, ಅಷ್ಟನ್ನು ಕತ್ತರಿಸಿ ತೆಗೆಯಿರಿ. ಎರಡೂ ಅಂಚು ಒಂದಕ್ಕೊಂದು ಸಮಾನಾಂತರವಾಗಿ ಬರುತ್ತವೆ. ಬಣ್ಣದ ದಪ್ಪಕ್ಕೂ ಜಾಗ ಬೇಕು, ಅದನ್ನು ಈ 4ರಲ್ಲೇ ಲೆಕ್ಕ ಹಿಡಿಯಿರಿ.

ಇನ್ನೊಂದು ಕಡೆಯ ಕಮಾನಿಗೂ ಇದೆಲ್ಲ ಹೀಗೇ, ಟೆಂಪ್ಲೇಟ್ ಮಗುಚಿ. ಓಟಕ್ಕೆ ಬಳಸುವ ಕಾರಾದರೆ ಎರಡೂ ಕಡೆ ಮುಗಿದ ಮೇಲೆ ಹೊಸ ಕಮಾನುಗಳ ಅಚ್ಚು ತೆಗೆದಿಟ್ಟುಕೊಳ್ಳಿ. ಒಂದು ಗೋಡೆಗೆ ತಾಗಿದರೆ ಮತ್ತೆ ಈ ತಿಂಗಳುಗಳ ಕೆಲಸ ಬೇಕಾಗುವುದಿಲ್ಲ.

ಬಣ್ಣಕ್ಕೆ ಮೊದಲು ಬಿಸಿ

ಹೊಸ ಫೈಬರ್ ವಾರಗಟ್ಟಲೆ ಕುಗ್ಗುತ್ತಲೇ ಇರುತ್ತದೆ. ಈಗಲೇ ಬಣ್ಣ ಹೊಡೆದರೆ ಒಂದು ಬೇಸಿಗೆಯಲ್ಲಿ ಮ್ಯಾಟ್‌ನ ನಾರು, ಕತ್ತರಿಸಿದ ಗೆರೆ ಎಲ್ಲ ಮೇಲೆ ಮೂಡುತ್ತವೆ. ಆದ್ದರಿಂದ ಪ್ರೈಮರ್ ಹೊಡೆದು ಕಾರನ್ನು ಬಿಸಿಲಲ್ಲಿ ನಿಲ್ಲಿಸಿ. ಗಾಢ ಬಣ್ಣದ ಪ್ರೈಮರ್ ಆದರೆ ಇನ್ನೂ ಒಳ್ಳೆಯದು, ಬಿಸಿ ಚೆನ್ನಾಗಿ ಹೀರುತ್ತದೆ. ಬಿಸಿಲಿಲ್ಲದಿದ್ದರೆ ಇನ್‌ಫ್ರಾರೆಡ್ ದೀಪದಿಂದ 50 ಡಿಗ್ರಿ ಆಸುಪಾಸಿಗೆ ನಿಧಾನವಾಗಿ ಏರಿಸಿ ಕೆಲವು ಗಂಟೆ ಹಿಡಿಯಿರಿ. ಈ ಹೊತ್ತಿನಲ್ಲಿ ಕ್ಲಿಪ್ ಚಾಸಿಯ ಮೇಲೆ, ಲಾಕ್ ಹಾಕಿಯೇ ಇರಬೇಕು. ಬಿಸಿಯಾದ ಫೈಬರ್ ಹೇಗೆ ಇಟ್ಟಿರುತ್ತೀರೋ ಹಾಗೇ ನಿಂತುಬಿಡುತ್ತದೆ. ನಾನು ಆರು ವಾರ ಬಿಟ್ಟೆ. ಮೂಡಬೇಕಾದ ಗೆರೆಗಳೆಲ್ಲ ಪ್ರೈಮರ್‌ನಲ್ಲೇ ಮೂಡಿದವು, ಅವನ್ನು ಉದ್ದ ಹಲಗೆಯಿಂದಲೇ ತೆಗೆದೆ.

ಒಳಗಿನ ಆಸರೆ ಪಟ್ಟಿಗಳನ್ನು ಬಿಚ್ಚುವುದು ಈಗ. ಬಿಚ್ಚಿ, ಕ್ಲಿಪ್ ತೆರೆದು ಮುಚ್ಚಿ, ಸಂದು ಮತ್ತೆ ಅಳೆಯಿರಿ. ಆಮೇಲೆ ದಪ್ಪಗೆ ಕೂರುವ ಹೈ ಬಿಲ್ಡ್ ಪ್ರೈಮರ್, 180, 240, 320 ನಂಬರ್‌ಗಳಲ್ಲಿ ಉಜ್ಜುವುದು, ಬಣ್ಣ. ಅದು ಯಾವ ಕಾರಿಗಾದರೂ ಒಂದೇ. ಗಲ್ಫ್‌ನ ತಿಳಿನೀಲಿ ಸಣ್ಣ ಪುಟ್ಟ ಅಲೆಗಳನ್ನು ಮನ್ನಿಸುತ್ತದೆ, ಕಪ್ಪು ಅಥವಾ ಕಡುನೀಲಿ ಒಂದನ್ನೂ ಬಿಡುವುದಿಲ್ಲ.

ಸ್ಪ್ರಿಂಗ್ ಹಾಕಿ ಮೊದಲ ಸಲ ಹೊರಡುವ ಮುನ್ನ ಕಮಾನಿನ ಒಳಮೈಗೆ ಸೀಮೆಸುಣ್ಣ ಬಳಿಯಿರಿ. ಸುಮ್ನೆ ಸುತ್ತಾಡಬೇಡಿ. ಚಾಲಕನನ್ನೂ ತುಂಬಿದ ಟ್ಯಾಂಕನ್ನೂ ಹೊತ್ತು, ಉಬ್ಬು ತಗ್ಗು ಇರುವ ಜಾಗದಲ್ಲಿ ಓಡಿಸಿ ಬನ್ನಿ. ಸುಣ್ಣ ಅಳಿಸಿದ್ದರೆ ಟೈರ್ ತಾಗಿದೆ. ಮೊದಲ ಕೆಲವು ಓಟಗಳ ನಂತರ ಹಿಂಜ್‌ನ ಸುತ್ತ, ಲಾಕ್‌ನ ಸುತ್ತ ಮತ್ತು ಕಮಾನಿನ ಎರಡು ಕೆಳತುದಿಗಳಲ್ಲಿ ನಕ್ಷತ್ರದಂಥ ಸಣ್ಣ ಬಿರುಕು ಇದೆಯೇ ಅಂತ ಟಾರ್ಚ್ ಹಿಡಿದು ನೋಡಿ. ಇದ್ದರೆ ಹೊರಗಿನಿಂದ ಮುಚ್ಚಬೇಡಿ. ಒಳಗಡೆಯಿಂದ ಆ ಜಾಗ ಉಜ್ಜಿ, ಎರಡು ಪದರ ಮ್ಯಾಟ್ ಹೆಚ್ಚಿಗೆ ಹಾಕಿ, ಅದಾದ ಮೇಲೆ ಹೊರಗಿನ ಬಿರುಕು ತೆಗೆಯಿರಿ.